ಬೂದ ಗಟ್ಟಿಯೋ, ಕರಿಯ ಗಟ್ಟಿಯೋ

ಸಾರಿಬೆಲ್ ಹವಾಮಾನ ಠಾಣೆ
14 ಸೆಪ್ಟೆಂಬರ್ 2008

ಮಗಳು ಬೆಗಿಮಾಯ್‌ಗೆ,

ಹೋದ ವಾರದ ಲಾರಿಯಲ್ಲಿ ಗೆನ್ನಾದಿ ಇಳಿದು ಹೋದ. ಇಷ್ಟು ವರ್ಷ ನನ್ನ ಜೊತೆ ಠಾಣೆಯಲ್ಲಿದ್ದವನು. ನೀನು ಅವನನ್ನು ನೋಡಿಲ್ಲ, ಹೆಸರು ಕೇಳಿದ್ದೀಯ. ಅವನಿಗೆ ನಿವೃತ್ತಿಯಾಯಿತು, ಕಾರಾಕೋಲ್‌ನಲ್ಲೇ ತಂಗಿಯ ಮನೆಯಲ್ಲಿ ಇರುತ್ತಾನಂತೆ. ಲಾರಿ ಹತ್ತುವಾಗ, "ತುರ್ಗುನ್, ಇನ್ನು ಮೇಲೆ ನಿನ್ನ ಗೊರಕೆಗೆ ಬಯ್ಯೋರು ಯಾರೂ ಇಲ್ಲ, ಛಾವಣಿ ಹಾರಿಹೋಗೋ ಹಾಗೆ ಹೊಡ್ಕೋ" ಅಂದ. ನಾನು ನಕ್ಕೆ. ಲಾರಿ ತಿರುವಿನಲ್ಲಿ ಮರೆಯಾದ ಮೇಲೂ ಆ ನಗು ಮುಖದ ಮೇಲೆ ಹಾಗೇ ನಿಂತಿತ್ತು. ಒಳಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡು ಒರೆಸಿಕೊಂಡೆ.

ಅವನ ಜಾಗಕ್ಕೆ ಮುಂದಿನ ಬೇಸಿಗೆಯವರೆಗೆ ಯಾರನ್ನೂ ಕಳಿಸುವುದಿಲ್ಲವಂತೆ. ಈ ಚಳಿಗಾಲ ನಾನೊಬ್ಬನೇ.

ಒಂದು ವಿಚಾರ ಕೇಳಬೇಕಿತ್ತು. ನಿನ್ನ ಅಂಗಡಿಯಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆಗಳಿವೆಯಲ್ಲ, ಅಂಥದ್ದೊಂದು ನನಗೂ ಬೇಕು. ಸಂಜೆ ಜನರೇಟರ್ ಹಾಕುತ್ತೇನೆ, ಟಿವಿ ಇದೆ, ಆದರೆ ಅದರಲ್ಲಿ ಚಿತ್ರ ಹಿಡಿಯದೆ ಬರೀ ಇರುವೆಗಳು ಓಡಾಡುತ್ತವೆ. ಈಗ ಪೆಟ್ಟಿಗೆಯಲ್ಲಿ ಎರಡು ಜಾತಿ ಬಂದಿವೆ, ಎರಡಕ್ಕೂ ಜಗಳ ನಡೆದಿದೆ ಅಂತ ಲಾರಿಯ ಹುಡುಗ ಹೇಳಿದ. ಯಾವುದು ಒಳ್ಳೆಯದು? ಕೊಟ್ಟ ದುಡ್ಡಿಗೆ ಯಾವುದು ಬಾಳುತ್ತದೆ? ನಿನಗಿಂತ ಚೆನ್ನಾಗಿ ಬಲ್ಲವರು ನನಗೆ ಗೊತ್ತಿಲ್ಲ.

ಇಂತಿ,
ಅಪ್ಪ

*

ಕಾರಾಕೋಲ್
2 ಅಕ್ಟೋಬರ್ 2008

ಅಪ್ಪ,

ನೀನು ಆಟದ ಪೆಟ್ಟಿಗೆ ಕೇಳ್ತೀಯ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ಕಾಗದ ಎರಡು ಸಲ ಓದಿದೆ, ಅಕ್ಷರ ನಿಂದೇನಾ ಅಂತ.

ಗಿರಾಕಿಗೆ ಹೇಳೋ ಹಾಗೆ ಹೇಳ್ತೀನಿ, ಕೇಳು. ಹಳೇದು ಬೂದು ಬಣ್ಣದ್ದು, ಹೊಸದು ಕಪ್ಪು. ನಮ್ಮ ಹುಡುಗರು ಅವಕ್ಕೆ ಕುದುರೆಗೆ ಕರೆಯೋ ಹಾಗೆ ಬೂದ, ಕರಿಯ ಅಂತ ಕರೀತಾರೆ. ಬೂದ ಅಗ್ಗ. ಡಿಸ್ಕುಗಳೂ ಬಜಾರ್‌ನಲ್ಲಿ ರೊಟ್ಟಿ ಬೆಲೆಗೆ ಸಿಗ್ತವೆ. ಬಿದ್ರೂ ಎದ್ದು ನಿಲ್ಲುತ್ತೆ. ಆದ್ರೆ ಚಿತ್ರ ಮಂಕು. ಕರಿಯ ಅದರ ಮೂರು ಪಟ್ಟು ಬೆಲೆ. ಚಿತ್ರ ನೋಡಿದ್ರೆ ಆಟಗಾರನ ಹಣೆ ಮೇಲೆ ಬೆವರು ಕಾಣುತ್ತೆ. ಆದ್ರೆ ಬೇಗ ಬಿಸಿಯಾಗುತ್ತೆ, ಬಿಸಿಯಾದ್ರೆ ಮುನಿಸಿಕೊಳ್ಳುತ್ತೆ.

ನನ್ನ ತಲೆನೋವೂ ಇದೇ. ನನ್ನ ನೆಲಮಾಳಿಗೆ ಅಂಗಡೀಲಿ ಹುಡುಗರು ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡೋದೆಲ್ಲ ಬೂದ. ಎದುರು ಕಟ್ಟಡದಲ್ಲಿ ಮಕ್ಸತ್ ಅಂತ ಒಬ್ಬ ಬರೀ ಕರಿಯಗಳನ್ನೇ ಇಟ್ಟು ಅಂಗಡಿ ತೆಗೆದಿದ್ದಾನೆ. ಹುಡುಗರೆಲ್ಲ ಅಲ್ಲಿಗೇ. ನಿನ್ನೆ ಒಬ್ಬ ನನ್ನ ಮುಖಕ್ಕೇ ಹೇಳಿದ, "ಅಕ್ಕ, ನಿಮ್ಮದು ಮ್ಯೂಸಿಯಂ" ಅಂತ. ನಾನೂ ಒಂದು ಕರಿಯ ತಂದೆ. ಅದಕ್ಕಾಗಿ ಇಬ್ಬರು ಮೂಗು ಒಡ್ಕೊಂಡ್ರು. ಒಂದಿದ್ರೆ ಜಗಳ, ತಂದ್ರೆ ಐದಾರು ತರಬೇಕು. ಅಷ್ಟು ತಂದ ಮೇಲೆ ಅವು ಕೆಟ್ಟು ಕೂತ್ರೆ ನಾನು ಅಂಗಡಿ ಬಾಗಿಲು ಹಾಕಬೇಕಾಗುತ್ತೆ.

ಅದಕ್ಕೇ ಹಿಮ ಬಿದ್ದು ಘಟ್ಟ ಮುಚ್ಚೋ ಮುಂಚಿನ ಕೊನೇ ಲಾರೀಲಿ ಎರಡನ್ನೂ ಕಳಿಸ್ತಿದ್ದೀನಿ. ದಿನಾ ಎರಡರಲ್ಲೂ ಆಡು. ಅಲ್ಲಿ ಉಳಿದದ್ದು ಎಲ್ಲಿ ಬೇಕಾದ್ರೂ ಉಳಿಯುತ್ತೆ. ವಸಂತಕ್ಕೆ ನನಗೆ ಹೇಳು, ಯಾವುದನ್ನ ನಂಬಬಹುದು ಅಂತ.

ಒಣಮೊಸರಿನ ಕುರುತ್ ಉಂಡೆ ಇಟ್ಟಿದ್ದೀನಿ. ದೊಡ್ಡಮ್ಮ ಕಟ್ಟಿದ್ದು, ನಾನಲ್ಲ.

ಬೆಗಿಮಾಯ್

*

ಸಾರಿಬೆಲ್
9 ನವೆಂಬರ್ 2008

ಮರೀ,

ಗಡಿ ಕಾವಲಿನವರು ಕುದುರೆ ಮೇಲೆ ಬಂದಿದ್ದಾರೆ, ಚಹಾ ಕುಡಿದು ಇಳಿಯುತ್ತಾರೆ, ಅವರ ಕೈಲಿ ಇದನ್ನು ಕೊಡುತ್ತೇನೆ. ಇನ್ನು ತಿಂಗಳಿಗೊಮ್ಮೆ ಅವರೇ ನಮ್ಮ ಅಂಚೆ.

ಪೆಟ್ಟಿಗೆಗಳು ಸುಖವಾಗಿ ಬಂದವು. ನನ್ನ ವರದಿ. ಕರಿಯನನ್ನು ಹಾಕಿದ ಮೊದಲ ದಿನ ನಾನು ಬಾಯಿ ಬಿಟ್ಟುಕೊಂಡು ಕೂತೆ. ಫುಟ್‌ಬಾಲ್ ಮೈದಾನದ ಹುಲ್ಲಿನ ಒಂದೊಂದು ಎಸಳೂ ಕಾಣುತ್ತದೆ. ಈ ಎತ್ತರದಲ್ಲಿ ಹುಲ್ಲು ನೋಡುವುದು ಎರಡೇ ತಿಂಗಳು, ಈಗ ದಿನಾ ನೋಡುತ್ತೇನೆ. ಆದರೆ ಅರ್ಧ ಆಟ ಆಗುವಷ್ಟರಲ್ಲಿ ಅದು ಹೂಂಕರಿಸಿ, ದೀಪ ಮಿಟುಕಿಸಿ ಮಲಗಿಬಿಡುತ್ತದೆ. ಇಲ್ಲಿಯ ಗಾಳಿ ತೆಳು. ಸೌದೆ ತರುವಷ್ಟರಲ್ಲಿ ನನಗೇ ಏದುಸಿರು, ಅದರ ಫ್ಯಾನ್ ಪಾಪ ಏನು ಮಾಡೀತು?

ಬೂದನದು ಬೇರೆ ರೋಗ, ಡಿಸ್ಕ್ ಓದುವುದಿಲ್ಲ. ಆಮೇಲೆ ಕಂಡುಕೊಂಡೆ, ತಲೆಕೆಳಗಾಗಿ ಮಲಗಿಸಿದರೆ ಓದುತ್ತದೆ. ಹಾಗೆ ಮಲಗಿಸಿದ ಮೇಲೆ ಒಂದು ದಿನವೂ ತಕರಾರಿಲ್ಲ.

ನಾನು ಎರಡರಲ್ಲೂ ಸೋಲುತ್ತೇನೆ. ನನ್ನ ಗೋಲ್‌ಕೀಪರ್‌ಗೆ ಗೆನ್ನಾದಿ ಅಂತ ಹೆಸರಿಟ್ಟಿದ್ದೇನೆ. ಅವನ ಹಾಗೇ, ಚೆಂಡು ಒಳಗೆ ಹೋದ ಮೇಲೆ ಹಾರುತ್ತಾನೆ.

ಒಂದು ವಿಶೇಷ ನೋಡಿದೆ. ಗುಂಡಿ ಒತ್ತದೆ ಸುಮ್ಮನೆ ಬಿಟ್ಟರೆ ನನ್ನ ಆಟಗಾರರು ನಿಂತಲ್ಲೇ ನಿಂತಿರುತ್ತಾರೆ, ಆದರೆ ಜನರ ಗದ್ದಲ ನಿಲ್ಲುವುದಿಲ್ಲ. ಅಡುಗೆ ಮಾಡುವಾಗ ಅದನ್ನು ಹಾಗೇ ಬಿಟ್ಟಿರುತ್ತೇನೆ. ಸಾವಿರಾರು ಜನ ಮಾತಾಡಿದ ಹಾಗಿರುತ್ತದೆ ಕೋಣೆಯಲ್ಲಿ.

ಇಂತಿ,
ಅಪ್ಪ

*

ಕಾರಾಕೋಲ್
4 ಡಿಸೆಂಬರ್ 2008

ಅಪ್ಪ,

ನಿನ್ನ ವರದಿ ಓದಿ ನಾನೂ ನನ್ನ ಬೂದಗಳಲ್ಲಿ ಎರಡನ್ನ ಮಗುಚಿ ಹಾಕಿದೆ. ಸತ್ತೇ ಹೋದ್ವು ಅಂತ ಮೂಲೆಗೆ ಎಸೆದಿದ್ದೆ. ಓದ್ತಿವೆ! ಥ್ಯಾಂಕ್ಸ್.

ಗೆನ್ನಾದಿ ಮಾಮ ದಿನಾ ಬರ್ತಾನೆ. ಮೊದಲ ದಿನ ಬಾಗಿಲಲ್ಲೇ ಟೋಪಿ ತೆಗೆದು, "ನಾನು ಬೆಚ್ಚಗೆ ಕೂತ್ಕೊಳ್ಳೋಕೆ ಬಂದೆ, ಆಡೋಕಲ್ಲ" ಅಂದ. ಈಗ ಎದ್ದೇಳಿಸೋದೇ ಕಷ್ಟ. ಹುಡುಗರು "ತಾತ, ಪಾಸ್ ಕೊಡಿ, ಪಾಸ್!" ಅಂತ ಕಿರುಚ್ತಾರೆ, ಅವನು ಪಕ್ಕದವನಿಗೆ ನಿಜವಾಗ್ಲೂ ಚಹಾ ಲೋಟ ಪಾಸ್ ಮಾಡ್ತಾನೆ. ಮೇಲಿನ ಗುಡಿಸಲಲ್ಲಿ ನಿಮ್ಮಿಬ್ಬರದು ಹೇಗೆ ನಡೀತಿತ್ತೋ.

ಗೋಲ್‌ಕೀಪರ್ ವಿಷಯ ಅವನಿಗೆ ಹೇಳಿಲ್ಲ.

ಅಪ್ಪ, ಒಂದು ಮಾತು ಕೇಳ್ತೀನಿ. ಅವನಿಗೆ ನಿವೃತ್ತಿ ಆಯ್ತು, ಬಂದ. ನಿನಗೂ ಇಳಿದು ಬರಬಹುದು ಅಂತ ಇಲಾಖೆಯವರು ಹೇಳಿದ್ರಂತೆ, ಊರ ಕಚೇರೀಲಿ ಜಾಗ ಇತ್ತಂತೆ. ನೀನೇ ಬೇಡ ಅಂದ್ಯಂತೆ. ಯಾಕೆ? ಬೇಸಿಗೇಲಿ ಒಂದು ವಾರ ಅತಿಥಿ ಹಾಗೆ ಬರ್ತೀಯ, ಬೂಟೂ ಬಿಚ್ಚಿ ಸರಿಯಾಗಿ ಕೂರಲ್ಲ, ಹೊರಟುಬಿಡ್ತೀಯ. ಅಲ್ಲಿ ಏನಿದೆ ನಿನಗೆ?

ಬೆಗಿಮಾಯ್

*

ಸಾರಿಬೆಲ್
11 ಜನವರಿ 2009

ಮರೀ,

ಕೆಟ್ಟ ಸುದ್ದಿ. ಕರಿಯ ಸತ್ತ.

ತಪ್ಪು ಯಾರದು ಅಂತ ಹೇಳಲಾರೆ. ಬಿಸಿಯಾಗುತ್ತದಲ್ಲ ಅಂತ ಕಿಟಕಿ ತೆರೆದು ಅದರ ಹತ್ತಿರ ಇಟ್ಟೆ. ಆಗ ಇಡೀ ಆಟ ಮುಗಿಯುವವರೆಗೂ ನಿಂತಿತು, ನನಗೆ ಹಿಗ್ಗು. ಆಮೇಲೆ ಒಲೆಯ ಪಕ್ಕ ತಂದಿಟ್ಟೆ. ಮೈಯೆಲ್ಲ ನೀರು ಬೆವರಿತು, ಒಳಗೂ ಬೆವರಿರಬೇಕು. ಮರುದಿನ ಗುಂಡಿ ಒತ್ತಿದರೆ ಉಸಿರಿಲ್ಲ. ನಿನ್ನ ದುಡಿಮೆಯ ವಸ್ತು ಹಾಳು ಮಾಡಿದೆ. ಬೇಜಾರಾಗಿದೆ.

ಬೂದನನ್ನೂ ಅಂಥದ್ದೇ ಚಳಿಯಲ್ಲಿ ಇಟ್ಟಿದ್ದೆ. ಅವನು ಒರೆಸಿಕೊಂಡು ಎದ್ದ. ನಮ್ಮ ಕಡೆ ಕೆಲವು ಕುದುರೆಗಳಿರುತ್ತವೆ, ಸಂತೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಆದರೆ ಹಿಮದಲ್ಲಿ ಕಾಲಿನಿಂದ ಕೆರೆದು ತಾವೇ ಹುಲ್ಲು ಹುಡುಕಿ ತಿನ್ನುತ್ತವೆ. ಅಂಥವನು.

ಮೊನ್ನೆ ಮೊದಲ ಸಲ ಗೆದ್ದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಸಂಜೆ ರೇಡಿಯೋದಲ್ಲಿ ಗಾಳಿ, ತಾಪ ಎಲ್ಲ ಓದಿ ಹೇಳಿದ ಮೇಲೆ, "ಮತ್ತೇನಾದರೂ ಇದೆಯಾ ಸಾರಿಬೆಲ್?" ಅಂತ ಕೇಳಿದರು. ಏನೂ ಇಲ್ಲ ಅಂದೆ.

ನೀನು ಕೇಳಿದ್ದಕ್ಕೆ ಆಮೇಲೆ ಬರೆಯುತ್ತೇನೆ.

ಇಂತಿ,
ಅಪ್ಪ

*

ಕಾರಾಕೋಲ್
8 ಫೆಬ್ರವರಿ 2009

ಅಪ್ಪ,

ಆಮೇಲೆ ಅಂದ್ರೆ ಯಾವಾಗ?

ಕರಿಯ ಹೋದ್ರೆ ಹೋಗಲಿ. ಅದರ ಬಗ್ಗೆ ಒಂದು ಪುಟ ಬರೆದಿದ್ದೀಯ. ಹೇಗೆ ಸತ್ತ, ಯಾಕೆ ಸತ್ತ, ನಿನಗೆಷ್ಟು ಬೇಜಾರಾಯ್ತು. ಅಮ್ಮನ ಬಗ್ಗೆ ನನಗೆ ಒಂದು ಸಾಲೂ ಬರೆದಿಲ್ಲ ನೀನು. ಅವಳು ಹೋಗಿ ಇವತ್ತಿಗೆ ನಾಲ್ಕು ವರ್ಷ.

ಘಟ್ಟ ಮುಚ್ಚಿತ್ತು ಅಂತ ನನಗೆ ಗೊತ್ತು. ಎಲ್ಲರೂ ಹೇಳಿದ್ರು. "ಪಾಪ, ಅವನು ಹೇಗೆ ಬಂದಾನು?" ಹದಿನಾರು ವರ್ಷದವಳಿಗೆ ಅದು ಅರ್ಥ ಆಗುತ್ತೆ ಅಂದ್ಕೊಂಡಿದ್ರಾ? ಅಮ್ಮನನ್ನ ಮಲಗಿಸೋಕೆ ಅಂಗಳದಲ್ಲಿ ಡೇರೆ ಹಾಕಿದ್ರು. ಒಳಗೆ ಅಮ್ಮನ ಪಕ್ಕ ಗೋಡೆಗೆ ಮುಖ ಮಾಡಿ ನಾನು ಅಳ್ತಾ ಕೂತಿದ್ದೆ. ಹೊರಗೆ ಬಾಗಿಲ ಹತ್ರ ಗಂಡಸರು ಕೋಲೂರಿ ನಿಂತು ಅಳ್ತಾರಲ್ಲ, ಪ್ರತಿ ಸಲ ಹೊಸಬರು ಬಂದಾಗ ಅವರ ಧ್ವನಿ ಏರೋದು, ನಾನು ಅದರಲ್ಲಿ ನಿನ್ನ ಧ್ವನಿ ಹುಡುಕ್ತಿದ್ದೆ. ನಿನ್ನ ಜಾಗದಲ್ಲಿ ಚಿಕ್ಕಪ್ಪ ನಿಂತಿದ್ದ. ಅವನ ಧ್ವನಿ ಸ್ವಲ್ಪ ನಿನ್ನ ಹಾಗೇ ಇದೆ. ಎರಡು ಸಲ ಎದ್ದು ಹೊರಗೆ ಹೋಗಿ ನೋಡಿದೆ.

ನೀನು ಬರೋಕಾಗಲಿಲ್ಲ ಅನ್ನೋದಕ್ಕೆ ನನಗೆ ಸಿಟ್ಟಿಲ್ಲ. ನೀನು ಅಲ್ಲೇ ಕೂತು, ದಿನಾ ಮಾಡೋ ಹಾಗೆ ಗಾಳಿ ಎಷ್ಟು, ಹಿಮ ಎಷ್ಟು ಅಂತ ಓದ್ತಿದ್ದೆ ಅಲ್ವಾ, ಅದಕ್ಕೆ ಸಿಟ್ಟು. ಜೂನ್‌ನಲ್ಲಿ ಬಂದೆ, ಕುಂಟ್ತಾ. ಕಾಲು ಉಳುಕಿದೆ ಅಂದೆ. ಗೋರಿ ಹತ್ರ ಹೋಗಿ ಬಂದೆ, ಚಹಾ ಕುಡಿದೆ, ಹೋದೆ.

ಬರೆದಿದ್ದನ್ನ ಹರಿದುಹಾಕ್ತೀನಿ ಅಂತ ಗೊತ್ತು. ಅದಕ್ಕೇ ಈಗಲೇ ಅಂಟಿಸಿ ಕಾವಲಿನವರ ಠಾಣೆಗೆ ಕೊಟ್ಟು ಬರ್ತೀನಿ.

ಬೆಗಿಮಾಯ್

*

ಸಾರಿಬೆಲ್
3 ಮಾರ್ಚ್ 2009

ಮರೀ,

ಕಾವಲಿನವರು ಹೋದ ತಿಂಗಳು ಬರಲೇ ಇಲ್ಲ. ಘಟ್ಟದ ಆಚೆ ಹಿಮ ಜಾರಿ ದಾರಿ ಮುಚ್ಚಿದೆ ಅಂತ ರೇಡಿಯೋದಲ್ಲಿ ಹೇಳಿದರು. ಕಳಿಸಲಾಗದಿದ್ದರೂ ಬರೆದಿಡುತ್ತೇನೆ.

ಬೂದ ಚೆನ್ನಾಗಿದ್ದಾನೆ. ನಾನು ಈಗ ಮೂರಕ್ಕೆ ಎರಡು ಗೆಲ್ಲುತ್ತೇನೆ. ಗೆಲ್ಲಲು ಶುರುವಾದ ಮೇಲೆ ಆಟದಲ್ಲಿ ಮೊದಲಿನ ಮಜಾ ಇಲ್ಲ.

ನಿನ್ನ ಕಾಗದವಿಲ್ಲ. ಕರಿಯನನ್ನು ಕೊಂದೆ ಅಂತ ಸಿಟ್ಟೋ, ಅಥವಾ ದಾರಿಯದೇ ತೊಂದರೆಯೋ? ದಾರಿಯದೇ ಇರಲಿ.

ಅಪ್ಪ

*

ಸಾರಿಬೆಲ್
29 ಮಾರ್ಚ್ 2009

ಮರೀ,

ಇನ್ನೂ ಯಾರೂ ಬಂದಿಲ್ಲ. ಗಾಳಿ. ಇವತ್ತು ಗುಂಡಿ ಮುಟ್ಟದೆ ಬರೀ ಜನರ ಗದ್ದಲ ಹಾಕಿಕೊಂಡು ಕೂತಿದ್ದೆ. ಆಮೇಲೆ ಅದನ್ನೂ ಆರಿಸಿದೆ.

ಬರೆಯಲು ಬೇರೇನೂ ಇಲ್ಲ.

ಅಪ್ಪ

*

ಕಾರಾಕೋಲ್
12 ಏಪ್ರಿಲ್ 2009

ಅಪ್ಪ,

ಫೆಬ್ರವರೀಲಿ ಬರೆದ ಕಾಗದ ಇನ್ನೂ ಕೆಳಗಿನ ಠಾಣೆಯಲ್ಲೇ ಬಿದ್ದಿದೆಯಂತೆ. ವಾಪಸ್ ಕೊಡಿ ಅಂತ ಕೇಳ್ದೆ, ಚೀಲಕ್ಕೆ ಸೀಲ್ ಹಾಕಾಯ್ತು ಅಂದ್ರು. ಎರಡೂ ಒಟ್ಟಿಗೇ ಬರ್ತವೆ. ದಯವಿಟ್ಟು ಇದನ್ನ ಮೊದಲು ಓದು.

ನಿನ್ನೆ ಅಂಗಡೀಲಿ ಗೆನ್ನಾದಿ ಮಾಮ ಒಬ್ಬನೇ ಇದ್ದ. ನಾನು ಮಕ್ಸತ್‌ನ ಕರಿಯ ಒಂದನ್ನ ಬಿಚ್ಚಿ ಕೂತಿದ್ದೆ. ಹೌದು, ಅವನವು ಒಂದೊಂದಾಗಿ ಬೀಳ್ತಿವೆ, ರಿಪೇರಿಗೆ ನನ್ನ ಹತ್ರಾನೇ ತರ್ತಾನೆ, ತಲೆ ಕೆರ್ಕೊಂಡು. ಮಾಮ ಅದನ್ನ ನೋಡಿ, "ಇದನ್ನ ಬಿಸಾಕು. ಕಷ್ಟ ಬಂದ ತಕ್ಷಣ ಮಲಗೋದನ್ನ ಏನು ನಂಬೋದು?" ಅಂದ. ನನಗೆ ಏನನ್ನಿಸ್ತೋ, "ಅಪ್ಪನೂ ಹಾಗೇ ಅಲ್ವಾ ಮಾಮ, ಕಷ್ಟ ಬಂದಾಗ ಅಲ್ಲೇ ಕೂತ" ಅಂದೆ.

ಅವನು ಲೋಟ ಕೆಳಗಿಟ್ಟ. "ಯಾರು ಕೂತಿದ್ದು?"

"ಅಮ್ಮ ಹೋದಾಗ."

"ನಿನಗೆ ಅವನು ಹೇಳಿಲ್ವಾ?"

"ಏನನ್ನ?"

"ಅಯ್ಯೋ ದೇವ್ರೇ" ಅಂತ ಎದ್ದು ನಿಂತ, ಮತ್ತೆ ಕೂತ. "ರೇಡಿಯೋದಲ್ಲಿ ಸುದ್ದಿ ಬಂದ ಗಂಟೇಲೇ ಹೊರಟ ಅವನು. ಕೈ ಹಿಡಿದೆ, ಬಾಗಿಲಿಗೆ ಅಡ್ಡ ನಿಂತೆ. ನನ್ನನ್ನ ಮೂಲೆಗೆ ನೂಕಿ ಹೋದ. ಬಿರುಗಾಳಿ, ಮಗಳೇ, ಮುಂದೆ ಚಾಚಿದ ಕೈ ಕಾಣ್ತಿರಲಿಲ್ಲ. ಮಾರನೇ ದಿನ ಗಾಳಿ ಇಳಿದ ಮೇಲೆ ಹುಡುಕಿಕೊಂಡು ಹೋದೆ. ಘಟ್ಟದ ನೆತ್ತಿ ಹತ್ರ ಒಂದು ಬಂಡೆ ಮರೇಲಿ ಸಿಕ್ಕ. ಜಾರುಗಾಡಿ ಮೇಲೆ ಎಳ್ಕೊಂಡು ಬಂದೆ. ಚಳಿಗೆ ಸತ್ತು ಕಪ್ಪಾಗಿದ್ದ ಅವನ ಎಡಗಾಲಿನ ಬೆರಳು ನಾನೇ ತೆಗೆದೆ, ಅಡುಗೆ ಮೇಜಿನ ಮೇಲೆ, ರೇಡಿಯೋದಲ್ಲಿ ಡಾಕ್ಟ್ರು ಹೇಳ್ತಿದ್ರು, ನಾನು ಮಾಡ್ತಿದ್ದೆ. ವಾರಗಟ್ಟಲೆ ವರದಿ ಓದಿದ್ದು ನಾನು, ಅವನಲ್ಲ."

ನನ್ನ ಕೈಯಲ್ಲಿ ಸ್ಕ್ರೂ ಡ್ರೈವರ್ ಹಾಗೇ ಇತ್ತು. ಮಾಮ ಅಳ್ತಿದ್ದ. "ಹೇಳ್ಬೇಡ ಅಂದಿದ್ದ ಕಣಮ್ಮ. ಇಷ್ಟು ದಿನಕ್ಕೆ ಅವನೇ ಹೇಳಿರ್ತಾನೆ ಅಂದ್ಕೊಂಡಿದ್ದೆ."

ಅಪ್ಪ, ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ ನಾಲ್ಕು ವರ್ಷ ನಾನು ಹೀಗಿರ್ತಿರಲಿಲ್ಲ.

ನಿನ್ನ
ಬೆಗಿಮಾಯ್

*

ಸಾರಿಬೆಲ್
10 ಮೇ 2009

ಮರೀ,

ಎರಡೂ ಕಾಗದ ಇವತ್ತು ಬಂದವು. ನೀನು ಹೊರಗೇನೂ ಗುರುತು ಮಾಡಿರಲಿಲ್ಲ. ನಾನು ಒಡೆದದ್ದು ಹಳೆಯದನ್ನೇ. ಒಳ್ಳೆಯದಾಯಿತು. ಅದರಲ್ಲಿ ಇದ್ದದ್ದು ನನಗೆ ತಿಳಿಯಬೇಕಿತ್ತು.

ಗೆನ್ನಾದಿ ಬಾಯಿ ಬಿಡುತ್ತಾನೆ ಅಂತ ಗೊತ್ತಿತ್ತು, ಇಷ್ಟು ತಡ ಮಾಡಿದ್ದೇ ಹೆಚ್ಚು.

ಯಾಕೆ ಹೇಳಲಿಲ್ಲ ಅಂದರೆ, ಏನಂತ ಹೇಳಲಿ? ಅರ್ಧ ದಾರಿ ಬಂದೆ ಅಂತಲೇ? ನೀನು ಎರಡು ಸಲ ಎದ್ದು ಹೊರಗೆ ನೋಡಿದೆ. ಎರಡು ಸಲವೂ ಅಲ್ಲಿ ನಾನಿರಲಿಲ್ಲ. ಕಾಲು ತೋರಿಸಿ ನಿನ್ನಿಂದ "ಪಾಪ ಅಪ್ಪ" ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಪಾಪ ಅನ್ನಿಸಿಕೊಳ್ಳಬೇಕಾದವಳು ಡೇರೆಯ ಒಳಗೆ ಒಬ್ಬಳೇ ಕೂತಿದ್ದಳು.

ಡಿಸೆಂಬರ್‌ನಲ್ಲಿ ಕೇಳಿದೆಯಲ್ಲ, ಇಲ್ಲಿ ಏನಿದೆ ಅಂತ. ಇಲ್ಲಿ ಏನೂ ಇಲ್ಲ. ಆದರೆ ಮದುವೆಯಾದಾಗಿನಿಂದ ನಾನು ಮೇಲೆ, ಅವಳು ಕೆಳಗೆ. ಹಾಗೇ ಬದುಕಿದವರು ನಾವು. ಇಲ್ಲಿ ಕೂತರೆ ಎಲ್ಲ ಮೊದಲಿನ ಹಾಗೇ ಇದೆ, ನಾನು ಮೇಲಿದ್ದೇನೆ, ಅವಳು ಊರಲ್ಲಿದ್ದಾಳೆ, ಹಿಟ್ಟು ಕಲಸುತ್ತಿದ್ದಾಳೆ. ಇಳಿದು ಬಂದ ದಿನ ಅವಳು ಇರುವುದಿಲ್ಲ. ಅದಕ್ಕೇ ಒಂದು ವಾರಕ್ಕಿಂತ ಹೆಚ್ಚು ನಿಲ್ಲಲಾಗುವುದಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಗೆನ್ನಾದಿಗೂ.

ಆಟದ ಪೆಟ್ಟಿಗೆ ಕೇಳಿದ್ದೂ ಆಟಕ್ಕಲ್ಲ. ನಿನಗೆ ಏನಂತ ಬರೆಯಬೇಕು ಅಂತ ತಿಳಿಯುತ್ತಿರಲಿಲ್ಲ. ನಿನಗೆ ಗೊತ್ತಿರುವ ವಿಷಯ ಒಂದನ್ನಾದರೂ ಕೇಳೋಣ, ಉತ್ತರ ಬರೆಯುತ್ತೀಯ ಅನ್ನಿಸಿತು.

ನೀನು ವರದಿ ಕೇಳಿದ್ದೆ, ಕೊಡುತ್ತೇನೆ. ಬೂದನನ್ನು ನಂಬಬಹುದು. ಹೊಳಪಿಲ್ಲ, ಒಮ್ಮೊಮ್ಮೆ ತಲೆಕೆಳಗೆ ಮಾಡಬೇಕು, ಆದರೆ ಬಿಟ್ಟು ಹೋಗುವುದಿಲ್ಲ.

ಅಪ್ಪ

*

ಕಾರಾಕೋಲ್
21 ಜೂನ್ 2009

ಅಪ್ಪ,

ನಿನ್ನ ಕಾಗದ ಓದಿದ ಮೇಲೆ ಅಂಗಡಿ ಬಾಗಿಲು ಹಾಕಿ ಅಮ್ಮನ ಹತ್ರ ಹೋಗಿದ್ದೆ. ಬಿಸಿಲಿತ್ತು, ಹುಲ್ಲು ಮೊಣಕಾಲುದ್ದ ಬೆಳೆದಿದೆ. ಸ್ವಲ್ಪ ಕಿತ್ತು ಚೊಕ್ಕಟ ಮಾಡಿದೆ. ಎಲ್ಲಾ ಕೀಳಲಿಲ್ಲ.

ಕರಿಯ ತರಲ್ಲ ಅಂತ ತೀರ್ಮಾನ ಮಾಡಿದೆ. ನಿನ್ನ ಮಾತು ಕೇಳಿ ಅಂತ ತಿಳ್ಕೋಬೇಡ, ಮಕ್ಸತ್‌ನ ಗತಿ ನೋಡಿ. ಅವನ ಅಂಗಡೀಲಿ ಈಗ ಅರ್ಧ ಟಿವಿ ಕತ್ತಲು. ಆದ್ರೆ ಹುಡುಗರು ನನ್ನ ಹತ್ರ ವಾಪಸ್ ಬಂದ್ರು ಅಂತಾನೂ ಅಲ್ಲ. ಕೆಲವರು ಬಂದ್ರು, ಉಳಿದವರು ಕಂಪ್ಯೂಟರ್ ಅಂಗಡಿಗೆ ಹೋಗ್ತಾರೆ. ನನಗೀಗ ಆಡಿಸೋದಕ್ಕಿಂತ ರಿಪೇರಿ ಕೆಲಸಾನೇ ಜಾಸ್ತಿ. ಇಡೀ ದಿನ ಬಿಚ್ಚಿದ ಪೆಟ್ಟಿಗೆ ಮುಂದೆ ಕೂತಿರ್ತೀನಿ. ಸಂಜೆ ಮನೆಗೆ ಹೋಗಿ ದೀಪ ಹಾಕ್ತೀನಿ. ದೊಡ್ಡಮ್ಮ ಮಗನ ಮನೆಗೆ ಹೋದ್ಮೇಲೆ ನಾನೊಬ್ಬಳೇ. ನಿನಗೆ ಹೇಳಿರಲಿಲ್ಲ.

ಅಪ್ಪ, ನೀನು ಅಲ್ಲಿ ಕೂತ್ರೆ ಅಮ್ಮ ಇಲ್ಲಿದ್ದಾಳೆ ಅಂತ ಬರೆದೆ. ಇಲ್ಲಿ ಇಲ್ಲ. ಅದು ನನಗೊಬ್ಬಳಿಗೇ ಗೊತ್ತು, ದಿನಾ ಬೆಳಿಗ್ಗೆ ಎದ್ದ ಕೂಡಲೇ ಗೊತ್ತಾಗುತ್ತೆ. ಅದನ್ನ ನಾನೊಬ್ಬಳೇ ಎಷ್ಟು ದಿನ ತಿಳ್ಕೊಂಡಿರಲಿ? ನೀನೂ ಬಂದು ತಿಳ್ಕೋ.

ಬರ್ತೀನಿ ಅಂತ ಬರೀಬೇಡ. ಬರೆದು ಬರದೇ ಹೋದ್ರೆ ನನಗೆ ಆಗಲ್ಲ. ಬರೋದಾದ್ರೆ ಸುಮ್ಮನೆ ಬಾ.

ನಿನ್ನ
ಬೆಗಿಮಾಯ್

*

ಸಾರಿಬೆಲ್
30 ಆಗಸ್ಟ್ 2009

ಮರೀ,

ಹೊಸಬ ಬಂದಿದ್ದಾನೆ, ಇಸ್ಕಂದರ್ ಅಂತ. ಮದುವೆಯಾಗಿ ವರ್ಷವಾಗಿಲ್ಲ. ಸಂಜೆಯಾದರೆ ಘಟ್ಟದ ಕಡೆ ಮುಖ ಮಾಡಿ ಕೂರುತ್ತಾನೆ. ಬೂದನಲ್ಲಿ ಆಡಲು ಕಲಿಸುತ್ತಿದ್ದೇನೆ. ಸೋತರೆ ಸಿಟ್ಟಾಗುತ್ತಾನೆ, ಒಳ್ಳೆಯ ಲಕ್ಷಣ.

ಈ ಕಾಗದದಲ್ಲಿ ನೀನು ಬೇಡ ಅಂದದ್ದನ್ನು ಬರೆದಿಲ್ಲ.

ಅಪ್ಪ

*

ಘಟ್ಟದ ಕೆಳಗೆ, ಕಾದಿರ್ ಕುರುಬನ ಮನೆ
17 ಅಕ್ಟೋಬರ್ 2009

ಬೆಗಿಮಾಯ್,

ಈ ಚೀಟಿ ತರುವವನು ಹಾಲಿನ ಲಾರಿಯವನು. ಇವತ್ತು ಅವನ ಕ್ಯಾಬಿನ್ನಿನಲ್ಲೂ ಸಂತೆಗೆ ಹೋಗುವ ಕುರಿಗಳೇ ತುಂಬಿವೆ, ನನಗೆ ಜಾಗವಿಲ್ಲ, ನಾಳೆ ಬರುವ ಇನ್ನೊಂದರಲ್ಲಿ ಬರುತ್ತೇನೆ. ಇಲ್ಲಿ ಫೋನ್ ಹಿಡಿಯುವುದಿಲ್ಲ.

ನಮ್ಮ ಲಾರಿ ಬರಲಿಲ್ಲ. ಈ ವರ್ಷ ಹಿಮ ಬೇಗ ಬಿತ್ತು. ವಸಂತದವರೆಗೆ ಕಾಯಿರಿ ಅಂತ ರೇಡಿಯೋದಲ್ಲಿ ಹೇಳಿದರು. ಇಸ್ಕಂದರ್ ಬಾಗಿಲಿಗೆ ಅಡ್ಡ ನಿಂತ, ಅವನನ್ನೂ ನೂಕಬೇಕಾಗಿ ಬಂತು, ಮೆಲ್ಲಗೆ. ಗಾಳಿ ಇರಲಿಲ್ಲ. ಕಾವಲಿನವರು ಒಂದು ಕುದುರೆ ಕೊಟ್ಟಿದ್ದರು, ನೆತ್ತಿಯ ಹತ್ತಿರ ಹಿಮ ಅದರ ಎದೆಮಟ್ಟ ಬಂದಾಗ ಇಳಿದು ಲಗಾಮು ಹಿಡಿದು ನಡೆದೆ. ಆ ಬಂಡೆ ಸಿಕ್ಕಿತು. ನಿಲ್ಲಲಿಲ್ಲ. ನಿಂತರೆ ಕೂರುತ್ತೇನೆ, ಕೂತರೆ ಆಯಿತು.

ಇಳಿಜಾರಿನಲ್ಲಿ ನಿನ್ನ ಅಮ್ಮ ಇಲ್ಲ ಅಂತ ಗೊತ್ತಾಯಿತು. ಊರು ಇನ್ನೂ ಕಾಣುತ್ತಿರಲಿಲ್ಲ, ದೂರದಲ್ಲಿ ಕೆರೆಯ ನೀಲಿ ಮಾತ್ರ. ಅಲ್ಲೇ ಕುದುರೆಯ ಕುತ್ತಿಗೆಗೆ ಒರಗಿ ನಿಂತು ಅತ್ತೆ, ಗಂಡಸರು ಅಳುವ ಹಾಗೆ, ಗಟ್ಟಿಯಾಗಿ. ಕೇಳುವವರು ಯಾರೂ ಇರಲಿಲ್ಲ. ಕುದುರೆ ಕಿವಿ ಮಾತ್ರ ಆಡಿಸಿತು.

ಕಾದಿರ್‌ನ ಹೆಂಡತಿ ಕಾಲಿಗೆ ಬೆಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದಾಳೆ. ಊದಿದೆ, ಅಷ್ಟೆ.

ಘಟ್ಟ ದಾಟಿದ್ದೇನೆ ಮರೀ. ಈ ಕಡೆ ಇದ್ದೇನೆ.

ಅಪ್ಪ